ಕುಂಕುಮ ಮೇಲಿರಬೇಕು

"ಫಸ್ಟ್ ಗೇರ್ ಹಾಕು, ಚಲಪತಿ!" ಸೆಲ್ವರಾಜ್ ತಾತ ಕೈ ಎತ್ತಿ ಕೂಗಿದರು.

ತ್ರಿವೇಣಿಯ ಅಪ್ಪ ಚಲಪತಿ ಫಸ್ಟ್ ಗೇರ್ ಹಾಕಿದ. ಹಳೇ ಪಿಕಪ್ ಗುರ್ರೆಂದು ಹಿಂದಕ್ಕೆ ಹೊರಟಿತು.

"ಎನ್ನಡಾ ಇದು! ಸೆಕೆಂಡ್ ಹಾಕು!"

ಸೆಕೆಂಡ್ ಹಾಕಿದ್ದೇ ತಡ, ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಅಂಗಳದ ಬಕೆಟ್ಟನ್ನು ಅಪ್ಪಚ್ಚಿ ಮಾಡಿತು. ರಿವರ್ಸ್ ಹಾಕಿದಾಗ ಮಾತ್ರ ಮರ್ಯಾದೆಯಿಂದ ಮುಂದೆ ಬಂತು.

ಕಲ್ಲುಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದವರೆಗೆ ಎಲ್ಲ ಬಿಚ್ಚಿ, ಕ್ಲಚ್ ಪ್ಲೇಟ್ ಬದಲಿಸಿದ ಇಡೀ ತಿಂಗಳು ಊರಿಗಾಂ ಲೈನಿನ ಸಾಲುಮನೆಗಳ ಈ ದೊಡ್ಡವರು ಅಲ್ಲೇ ಕೂತು ಬುದ್ಧಿ ಹೇಳಿದ್ದರು. ಒಬ್ಬರೂ ಒಂದು ಸ್ಪ್ಯಾನರ್ ಎತ್ತಿಕೊಟ್ಟಿರಲಿಲ್ಲ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆದಾಗ ಮಾತ್ರ "ನಾನು ಹೇಳಿದಂಗೇ ಮಾಡ್ದ" ಎಂದು ಎಲ್ಲರೂ ಗೆದ್ದೆತ್ತಿನ ಬಾಲ ಹಿಡಿದಿದ್ದರು.

"ಯೂಟ್ಯೂಬ್ ನೋಡಿ ಗಾಡಿ ಬಿಚ್ಚಿದ್ರೆ ಇಂಗೇ ಆಗೋದು," ಎಂದರು ಎದುರುಮನೆಯ ಬಚ್ಚಪ್ಪ. "ನಾಳೆ ಬಂಗಾರಪೇಟೆಗೆ ರಿವರ್ಸಲ್ಲೇ ಓಗ್ತೀಯೇನ್ಲಾ?"

ನಾಳೆ ಬೆಳಿಗ್ಗೆ ಕಾಮಸಮುದ್ರದ ಟೊಮೆಟೊ ಬಂಗಾರಪೇಟೆ ಸೇರದಿದ್ದರೆ ಆ ಕೆಲಸ ಬೇರೆ ಗಾಡಿಯ ಪಾಲಾಗುತ್ತಿತ್ತು. ಅಪ್ಪ ಸೀಟಿನಿಂದ ಇಳಿದು ತಲೆ ಕೆರೆದುಕೊಂಡ.

"ಡಿಫರೆನ್ಷಿಯಲ್ ಉಲ್ಟಾ ಕೂತೈತೆ, ಅದ್ಕೇ ಚಕ್ರಾನೂ ಉಲ್ಟಾ ತಿರುಗ್ತಾವೆ. ಮೇಲ್ಗಡೆ ಯಾವ್ದು ಅಂತ ಚಾಕ್‌ಪೀಸಲ್ಲಿ ಬಾಣ ಹಾಕಿದ್ದೆ ಅಂದ್ಕೊಂಡೆ. ಹಾಕಿರ್ಲಿಲ್ವೇನೋ. ತಪ್ಪು ನಂದೇ."

ತ್ರಿವೇಣಿಗೆ ಮಾತ್ರ ಗೊತ್ತಿತ್ತು: ಅಪ್ಪ ಬಾಣ ಹಾಕಿದ್ದು ನಿಜ.

ಮೊನ್ನೆ ಆಯುಧಪೂಜೆ. ಮನೆಯ ಕಬ್ಬಿಣವನ್ನೆಲ್ಲ ತೊಳೆಯಬೇಕೆಂದು ಅಮ್ಮಾಜಮ್ಮಜ್ಜಿ ಆರ್ಡರ್ ಮಾಡಿದ್ದಳು. ಹಿಂದಿನ ಎರಡು ಚಕ್ರಗಳ ನಡುವೆ ಕೂತು ಅವನ್ನು ತಿರುಗಿಸುವ ಆ ಡಿಫರೆನ್ಷಿಯಲ್ ಕುಂಬಳಕಾಯಿಯಷ್ಟು ದಪ್ಪ. ತ್ರಿವೇಣಿ ಅದನ್ನು ಸೋಪು ಹಾಕಿ ತಿಕ್ಕಿದಳು. ಬಾಣವೂ ಹೋಯಿತು. ಆಮೇಲೆ ಅದನ್ನು ಹೊರಳಿಸಿ, ಮೇಲೆ ಬಂದ ಕಡೆಗೆ ಕುಂಕುಮ ಇಟ್ಟಳು.

ನಿನ್ನೆ ಅದನ್ನು ಕೂರಿಸುವಾಗ ಯಾವ ಕಡೆ ಮೇಲೆ ಬರಬೇಕೆಂದು ಅಪ್ಪ ಅನುಮಾನ ಪಟ್ಟಿದ್ದ. ಸುತ್ತಲೂ ಬೋಲ್ಟ್ ಇರುವುದರಿಂದ ಅದು ಹೇಗೆ ತಿರುಗಿಸಿದರೂ ಕೂರುತ್ತದೆ.

"ಕುಂಕುಮ ಮೇಲಿರ್ಬೇಕು ಕಣ್ಲಾ! ಪೂಜೆ ಮಾಡಿದ್ದನ್ನ ಯಾರಾನಾ ನೆಲದ ಕಡೆ ತಿರುಗಿಸ್ತಾರಾ?" ಎಂದಿದ್ದಳು ಅಜ್ಜಿ. ಇಡೀ ಬೆಂಚು ಒಂದೇ ಮಾತಿಗೆ ಒಪ್ಪಿದ್ದು ಆವತ್ತೊಂದೇ ದಿನ. ಮೂವತ್ತು ವರ್ಷ ಮೈನಿಂಗ್ ವರ್ಕ್‌ಶಾಪಿನಲ್ಲಿ ದುಡಿದ ಸೆಲ್ವರಾಜ್ ತಾತನೂ "ಕರೆಕ್ಟ್, ಕರೆಕ್ಟ್" ಎಂದಿದ್ದರು.

ತ್ರಿವೇಣಿ ಲಂಗ ಹಿಂಡುತ್ತಾ ಅಪ್ಪನ ಹತ್ತಿರ ಹೋದಳು.

"ಅಪ್ಪಾ, ಬಾಣ ಇತ್ತು. ನಾನೇ ತೊಳ್ದಾಕ್ಬಿಟ್ಟೆ. ಕುಂಕುಮ ಇಟ್ಟಿದ್ದು ಕೆಳಗಿನ ಕಡೆಗೆ."

"ಒಲೆ ಮೇಲೆ ಆಲಿಟ್ಟು ಬಂದಿವ್ನಿ," ಎಂದು ಬಚ್ಚಪ್ಪ ಎದ್ದರು. ಸೆಲ್ವರಾಜ್ ತಾತನಿಗೆ ಬೀಪಿ ಮಾತ್ರೆ ನೆನಪಾಯಿತು. ಎರಡು ನಿಮಿಷದಲ್ಲಿ ಕಲ್ಲುಬೆಂಚು ಖಾಲಿ.

ಅಪ್ಪ ಬಯ್ಯಲಿಲ್ಲ. "ಅಂಗಾದ್ರೆ ನಾನ್ ಹಾಕಿದ್ದೆ ತಾನೇ?" ಎಂದು ಎರಡು ಸಲ ಕೇಳಿದ. ಅವನ ಮುಖ ಅರಳಿತು. "ಜಾಕ್ ತಾ. ಸಂಜೆಯೊಳ್ಗೆ ಮುಗಿಸ್ಬೋದು."

ಮಧ್ಯಾಹ್ನದ ಹೊತ್ತಿಗೆ ಡಿಫರೆನ್ಷಿಯಲ್ ಮತ್ತೆ ಗೋಣಿಚೀಲದ ಮೇಲಿತ್ತು. ಅಜ್ಜಿ ಒಳಗಿಂದ ಬಂದಳು. ತಪ್ಪಾಯಿತು ಎಂಬ ಮಾತು ಅಜ್ಜಿಯ ಬಾಯಿಂದ ಹೊರಟಿದ್ದನ್ನು ಲೈನಿನಲ್ಲಿ ಯಾರೂ ಕೇಳಿದವರಿಲ್ಲ. ಅವಳು ಕುಕ್ಕರಗಾಲಲ್ಲಿ ಕೂತು, ಗ್ರೀಸ್ ಮೆತ್ತಿದ ಕುಂಕುಮವನ್ನು ತನ್ನ ಹೊಸ ಸೀರೆಯ ಸೆರಗಿನಿಂದಲೇ ಒರೆಸಿದಳು.

"ಬಾಣ ಎಲ್ಲಿತ್ತೇ? ಬರಿ."

ತ್ರಿವೇಣಿ ಚಾಕ್‌ಪೀಸಿನಲ್ಲಿ ಬರೆದಳು. ಅಜ್ಜಿ ಸರಿಯಾಗಿ ಬಾಣದ ತುದಿಗೇ ಹೊಸ ಕುಂಕುಮ ಇಟ್ಟು, ಮುಖ ಆ ಕಡೆ ತಿರುಗಿಸಿಕೊಂಡಳು.

ತ್ರಿವೇಣಿ ಸ್ಪ್ಯಾನರ್ ಎತ್ತಿ ಅಪ್ಪನ ಕೈಗೆ ಕೊಟ್ಟಳು.