ಐದನೆಯ ಟಿಕೆಟ್

ಐದನೆಯ ಟಿಕೆಟ್ ಪುಕ್ಕಟೆ ಸಿಗುತ್ತದೆಂಬ ಒಂದೇ ಕಾರಣಕ್ಕೆ ಮಾವನವರು ಮಹಂತೇಶನನ್ನು ದೆಹಲಿಯ ಆಟದ ಪಾರ್ಕುಗಳನ್ನು ಸುತ್ತುವ ಮನೆಮಂದಿಯ ಪ್ರವಾಸಕ್ಕೆ ಕರೆದುಬಿಟ್ಟಿದ್ದರು. ಸುದ್ದಿ ಕೇಳಿ ಹಂಸಿನಿಯ ಕೈಯಲ್ಲಿದ್ದ ಸಟ್ಟುಗ ಹಾಗೇ ನಿಂತಿತು. ಕಾವಲಿಯ ಮೇಲಿನ ದೋಸೆ ಮಾತ್ರ ತನ್ನ ಪಾಡಿಗೆ ಸೀದುಹೋಯಿತು.

"ಯಾರನ್ನ ಕರೆದ್ರಿ ಮಾವ?"

"ಮಹಂತೇಶನ್ನ. ಮೂರು ಪಾರ್ಕಲ್ಲೂ ಹಬ್ಬದ ಆಫರ್ ಇದೆಯಮ್ಮ. ನಾಲ್ಕು ಟಿಕೆಟ್ ತಗೊಂಡ್ರೆ ಐದನೇದು ಫ್ರೀ. ನಾವಿರೋದು ನಾಲ್ಕೇ ಜನ. ಸುಮ್ನೆ ದಂಡ ಆಗುತ್ತಲ್ಲ."

"ದಂಡ ಆದ್ರೆ ಆಗಲಿ."

"ಹಾಗಂದ್ರೆ ಹೇಗೆ?" ಎಂದು ನಾರಾಯಣಸ್ವಾಮಿಯವರು ನಿಜವಾಗಿಯೂ ನೊಂದವರಂತೆ ಕೇಳಿದರು.

ಅವರ ಬಾಯಲ್ಲಿ ಆ ಮಾತು ಸಹಜವೇ. ಸಚಿವಾಲಯದಲ್ಲಿ ಮೂವತ್ತೈದು ವರ್ಷ ಕಡತ ನೋಡಿ ನಿವೃತ್ತರಾದ ಮನುಷ್ಯ. ಜಿಪುಣ ಅನ್ನಬಾರದು, ಆದರೆ ಟೊಮೆಟೊ ಕೊಂಡರೆ ತರಕಾರಿಯವನು 'ಲೀಜಿಯೇ ಬಾಬೂಜಿ' ಎಂದು ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಕೊಡುವವರೆಗೂ ಗಾಡಿ ಬಿಟ್ಟು ಕದಲುತ್ತಿರಲಿಲ್ಲ. ಈ ಪ್ರವಾಸಕ್ಕೂ ಅವರು ಒಂದು ಕಡತ ತೆರೆದಿದ್ದರು. ದಸರಾ ರಜೆಯಲ್ಲಿ ವಾರದ ದಿನ ಹೋದರೆ ಟಿಕೆಟ್ ಅಗ್ಗ, ಊಟ ಗೇಟಿನ ಹೊರಗೆ, ಏಕೆಂದರೆ ಒಳಗೆ ಬಿಡುವುದಿಲ್ಲ, ಓಡಾಟವೆಲ್ಲ ಮೆಟ್ರೋದಲ್ಲಿ. ಮೊದಲ ದಿನ ರೋಹಿಣಿ, ಎರಡನೆಯ ದಿನ ಸರಾಯ್ ಕಾಲೇ ಖಾನ್, ಮೂರನೆಯ ದಿನ ನೋಯ್ಡಾದ ದೊಡ್ಡ ಪಾರ್ಕು. ಎಲ್ಲವನ್ನೂ ಬರೆದು, ಕೊನೆಗೆ 'ಅನುಮೋದನೆಗಾಗಿ ಮಂಡಿಸಿದೆ' ಎಂದು ಹೆಂಡತಿಯ ಮುಂದಿಟ್ಟಿದ್ದರು. ಲೀಲಾವತಿಯವರು ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದ್ದರು.

ಇಷ್ಟೆಲ್ಲ ಮೊಮ್ಮಗಳು ಇಂಚರಾಳಿಗಾಗಿ. "ಪೂರೀ ಕ್ಲಾಸ್ ಹೋಗಿದೆ ತಾತಾ, ಸಿರ್ಫ್ ಮೈಂ ನಹೀಂ" ಎಂದು, ತಾನೊಬ್ಬಳೇ ಹೋಗಿಲ್ಲವೆಂದು, ಒಂಬತ್ತು ವರ್ಷದ ಹುಡುಗಿ ಒಂದೇ ಒಂದು ಸಲ ಹೇಳಿದ್ದಳು. ಅಷ್ಟು ಸಾಕಾಗಿತ್ತು.

ಹಂಸಿನಿಗೆ ಅತ್ತೆ ಮಾವನ ಋಣ ಎಷ್ಟೆಂದು ಅವಳಿಗೇ ಗೊತ್ತು. ಆರು ವರ್ಷದ ಹಿಂದೆ ಡೆಂಗಿ ಜ್ವರಕ್ಕೆ ಗಂಡ ಕಾರ್ತಿಕ್ ಹೋದ. ಅನುಕಂಪದ ಮೇಲೆ ಅವನ ಇಲಾಖೆಯಲ್ಲೇ ಅವಳಿಗೆ ಕೆಲಸ ಸಿಕ್ಕಿತು, ಲೋಧಿ ಕಾಲೋನಿಯಲ್ಲಿ ಈ ಕ್ವಾರ್ಟರ್ಸ್ ಸಿಕ್ಕಿತು. ಮಗನೇ ಇಲ್ಲದ ಮೇಲೆ ದೆಹಲಿಯಲ್ಲಿ ನಮಗೇನು ಎಂದು ಅತ್ತೆ ಮಾವ ಊರಿಗೆ ಹೊರಟುಬಿಡಬಹುದಿತ್ತು. ಹೋಗಲಿಲ್ಲ. ಅತ್ತೆ ಅವಳ ಕೈಗೆ ಊಟದ ಡಬ್ಬಿ ಕೊಟ್ಟು "ನೀನು ಆಫೀಸಿಗೆ ಹೊರಡು, ಮಗು ನನಗಿರಲಿ" ಎಂದರು. ಹೊಸ ಕೆಲಸದ ಮೊದಲ ದಿನ ಮಾವ ಅವಳೊಂದಿಗೆ ಕಚೇರಿಯ ಗೇಟಿನವರೆಗೂ ಬಂದು, ಅವಳು ಒಳಗೆ ಹೋಗುವವರೆಗೆ ನಿಂತಿದ್ದರು. ಅದನ್ನು ನೆನೆದರೆ ಇವತ್ತಿಗೂ ಅವಳ ಕಣ್ಣು ತುಂಬುತ್ತದೆ.

ಮಹಂತೇಶ್ ಬಂದದ್ದು ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ. ಪಿಂಚಣಿದಾರರು ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ತೋರಿಸಬೇಕಾದ ತಿಂಗಳು ಅದು. ಕನ್ನಡ ಸಂಘದಲ್ಲಿ ಸಾಫ್ಟ್‌ವೇರ್ ಹುಡುಗರು ಮೊಬೈಲ್ ಹಿಡಿದು ಸಹಾಯಕ್ಕೆ ಕೂತಿದ್ದರು. ಮಾವನವರ ಮುಖವನ್ನು ಮೊಬೈಲು ಮೂರು ಸಲ ತಿರಸ್ಕರಿಸಿತು. "ಒಂದ್ಚೂರು ನಗ್ರಿ ಸರ್, ಇಷ್ಟು ಸಿಟ್ಟಿನ್ಯಾಗ ಅದಕ್ಕೂ ಗುರುತು ಸಿಗವಲ್ದು" ಎಂದ ಗದಗಿನ ಮಹಂತೇಶ್. ಮಾವ ನಕ್ಕರು, ಮೊಬೈಲು ಒಪ್ಪಿತು. ಮರು ಭಾನುವಾರ ಅವನನ್ನು ಊಟಕ್ಕೆ ಕರೆದರು. ಅಂದಿನಿಂದ ಎಲ್ಲ ಭಾನುವಾರಗಳೂ ಅವನವೇ ಆದವು.

ಅವನು ಊಟ ಮುಗಿಸಿ ಹೊರಟಾಗ ಗೇಟು ಹಾಕಲು ಹಂಸಿನಿ ಹೋಗುತ್ತಿದ್ದಳು. ಗೇಟು ಹಾಕಲು ಅರ್ಧ ನಿಮಿಷ ಸಾಕು. ಅವರಿಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ, ಕಣ್ಣು ಸರಿಯಾಗಿ ಕಾಣದ ಆ ಗಳಿಗೆಯಲ್ಲೇ ಅವಳನ್ನು ನೋಡುತ್ತಿದ್ದ. ಕನ್ನಡಕ ಹಾಕಿಕೊಂಡ ಮೇಲೆ ಬೇವಿನ ಮರ ನೋಡುತ್ತಿದ್ದ. ಹಂಸಿನಿಗೆ ಇದೆಲ್ಲ ಗೊತ್ತಾಗುತ್ತಿತ್ತು, ಹಿತವಾಗಿಯೂ ಇತ್ತು.

ತಿಂಗಳ ಹಿಂದೆ ಅವನು, "ಒಂದು ಮಾತು ಕೇಳೋದಿತ್ರಿ" ಎಂದ.

"ಬೇಡ," ಎಂದಳು ಹಂಸಿನಿ. "ಕೇಳ್ಬೇಡಿ. ಇನ್ಮೇಲೆ ಭಾನುವಾರ ಬರದೇ ಇದ್ರೆ ಒಳ್ಳೇದು."

ಆ ಮಾತಿಗೆ ಹೂಂ ಎಂದರೆ ಇನ್ನೊಂದು ಮನೆಗೆ ಹೋಗಬೇಕು, ಈ ಇಬ್ಬರನ್ನು ಬಿಟ್ಟು. ಉಹೂಂ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಪ್ರಶ್ನೆಯನ್ನೇ ಬರಗೊಡಲಿಲ್ಲ. ಮೂರು ಭಾನುವಾರ ಮಹಂತೇಶ್ ಬರಲಿಲ್ಲ. ಈಗ ಒಂದು ಪುಕ್ಕಟೆ ಟಿಕೆಟ್ಟಿಗಾಗಿ ಮೂರು ದಿನ ಅವನ ಜೊತೆ ಓಡಾಡಬೇಕು.

ಮೊದಲ ದಿನ ರೋಹಿಣಿಯ ಗೇಟಿನ ಬಳಿ ಅವನು ಅವಳಿಗೆ ಆಫೀಸಿನವರಿಗೆ ಮಾಡುವಂಥ ನಮಸ್ಕಾರ ಮಾಡಿದ. ಅವಳೂ ಹಾಗೆಯೇ ಮಾಡಿದಳು. ಮಾವ ಕಡತ ಕಂಕುಳಲ್ಲಿ ಇಟ್ಟುಕೊಂಡು, "ನೀವೆಲ್ಲ ಅಲ್ಲೇ ಇರಿ, ಕೌಂಟರ್ ಹತ್ರ ಗುಂಪು ಬೇಡ" ಎಂದು ಒಬ್ಬರೇ ಟಿಕೆಟ್ ತಂದರು.

ಇಂಚರಾ ಡಿಕ್ಕಿ ಹೊಡೆಯುವ ಕಾರುಗಳ ಆಟಕ್ಕೆ ಎಲ್ಲರನ್ನೂ ಎಳೆದಳು. ಹಂಸಿನಿ ತನ್ನ ಕಾರನ್ನು ಮೂಲೆಗೆ ಒಯ್ದು ಸಿಕ್ಕಿಸಿಕೊಂಡಳು. ಎಲ್ಲರೂ ಎಲ್ಲರಿಗೂ ಗುದ್ದುತ್ತಿದ್ದರೆ ಮಹಂತೇಶ್ ಮಾತ್ರ ಮೆಲ್ಲಗೆ ಬಂದು, ಅವಳ ಕಾರನ್ನು ತಳ್ಳಿ ಬಿಡಿಸಿದ.

"ಗುದ್ದಬೇಕು, ತಳ್ಳೋದಲ್ಲ," ಎಂದಳು.

"ನನ್ನ ಕೈಲಿ ಆಗಂಗಿಲ್ರಿ," ಎಂದು ಅವನು ಹೊರಟೇಹೋದ. ಹಂಸಿನಿ ಸ್ಟಿಯರಿಂಗ್ ತಿರುಗಿಸುವುದನ್ನು ಮರೆತು ಮತ್ತೆ ಅದೇ ಮೂಲೆಗೆ ಸಿಕ್ಕಿಕೊಂಡಳು.

ಎರಡನೆಯ ದಿನ ಸರಾಯ್ ಕಾಲೇ ಖಾನ್‌ನಲ್ಲಿ, ಗುಜರಿ ಕಬ್ಬಿಣದಿಂದ ಕಟ್ಟಿದ ತಾಜ್ ಮಹಲಿನ ಮುಂದೆ ಅತ್ತೆ ಫೋಟೋ ತೆಗೆಯಲು ಹೊರಟರು. "ಮಹಂತೇಶ, ಸ್ವಲ್ಪ ಈಚೆ ಬಾ. ಇನ್ನೂ ಸ್ವಲ್ಪ. ಹಂಸಿನಿ, ನೀನು ಯಾಕೆ ಹಾಗೆ ಮುದುಡ್ಕೊಂಡಿದ್ದೀಯ?" ಕೊನೆಗೆ ನೋಡಿದರೆ ಫೋಟೋದಲ್ಲಿ ತಾಜ್ ಮಹಲ್ ಅರ್ಧವೂ ಇರಲಿಲ್ಲ, ಇಂಚರಾಳ ಒಂದು ಜಡೆ ಮಾತ್ರ ಇತ್ತು. ಇವರಿಬ್ಬರು ಸ್ಪಷ್ಟವಾಗಿದ್ದರು. ಅತ್ತೆಗೆ ಮೊಬೈಲ್ ಹಿಡಿಯಲು ಬರುವುದಿಲ್ಲವೆಂದು ಹಂಸಿನಿ ಅಂದುಕೊಂಡಳು.

ಮೂರನೆಯ ದಿನ ನೋಯ್ಡಾ ತಲುಪುವಷ್ಟರಲ್ಲಿ ಮಾವನವರ ಮಂಡಿ ಕೈಕೊಟ್ಟಿತ್ತು. ಗೇಟಿನ ಹೊರಗಿನ ಬೆಂಚಿನ ಮೇಲೆ ಕೂತು ಚಿತ್ರಾನ್ನ ಮುಗಿಸಿದ ಮೇಲೆ ಏಳಲಾಗಲಿಲ್ಲ. ಇಂಚರಾಳ ಕೈ ತೊಳೆಸಲು ಮಹಂತೇಶ್ ನಲ್ಲಿಯ ಕಡೆ ಹೋಗಿದ್ದ.

"ನೀವು ಕೂತಿರಿ ಮಾವ, ಟಿಕೆಟ್ ನಾನು ತರ್ತೀನಿ."

"ಬೇಡ ಬೇಡ. ನಿಲ್ಲು ಹಂಸಿನಿ. ಅದು ನನಗೇ ಗೊತ್ತಾಗೋದು."

ಅವಳಾಗಲೇ ಕೌಂಟರಿನ ಮುಂದಿದ್ದಳು. "ಭಯ್ಯಾ, ಚಾರ್ ಪೇ ಏಕ್ ಫ್ರೀ ವಾಲಾ ದೇ ದೀಜಿಯೇ."

"ಐಸಾ ಕೋಈ ಆಫರ್ ನಹೀಂ ಹೈ, ಮೇಡಂ."

"ಹಬ್ಬದ್ದು? ದಸಹರಾ ವಾಲಾ?"

ಅವನು ತಲೆಯಾಡಿಸಿದ. ಎರಡು ವರ್ಷದಿಂದ ತಾನೇ ಇಲ್ಲಿ ಕೂರುತ್ತಿದ್ದೇನೆ, ಅಂಥದ್ದು ಯಾವತ್ತೂ ಇರಲಿಲ್ಲ ಎಂದ. ಹಿಂದಿನವರು ಅವಸರ ಮಾಡಿದರು. ಹಂಸಿನಿ ಐದು ಟಿಕೆಟ್ ಕೊಂಡು ಪಕ್ಕಕ್ಕೆ ಸರಿದು ನಿಂತಳು.

ಹಾಗಾದರೆ ರೋಹಿಣಿಯಲ್ಲಿ? ನಿನ್ನೆ? ಎಲ್ಲರನ್ನೂ ದೂರ ನಿಲ್ಲಿಸಿ ಒಬ್ಬರೇ ಹೋಗಿದ್ದು? ಕೊತ್ತಂಬರಿಗೆ ಬಿಸಿಲಲ್ಲಿ ಕಾಯುವ ಮನುಷ್ಯ, ಮಹಂತೇಶನಿಗಾಗಿ ಪೂರ್ತಿ ಟಿಕೆಟ್ ಕೊಂಡು, ಅದನ್ನು ಪುಕ್ಕಟೆಯೆಂದು ಮನೆಗೆಲ್ಲ ಸುಳ್ಳು ಹೇಳಿದ್ದರು.

ಬೆಂಚಿಗೆ ಮರಳಿ ಬಂದು, "ಆಫರ್ ಇಲ್ವಂತೆ ಮಾವ," ಎಂದಳು.

"ಇವತ್ತು ತೆಗೆದಿರಬಹುದು."

"ಯಾವತ್ತೂ ಇರಲಿಲ್ವಂತೆ."

"ನಾನು ಹೇಳ್ಲಿಲ್ವಾ," ಎಂದರು ಲೀಲಾವತಿ ಗಂಡನಿಗೆ. "ನಿಮ್ಮ ಸುಳ್ಳು ಮೂರು ದಿನ ನಡೆಯಲ್ಲ ಅಂತ."

ನಾರಾಯಣಸ್ವಾಮಿಯವರು ಕಡತವನ್ನು ಮಡಿಲಲ್ಲಿ ಸರಿಪಡಿಸಿಕೊಂಡರು. ಅವಳ ಮುಖ ನೋಡದೆ, ಕಚೇರಿಯಲ್ಲಿ ಮೇಲಧಿಕಾರಿಗೆ ವರದಿ ಒಪ್ಪಿಸುವ ದನಿಯಲ್ಲಿ ಮಾತಾಡಿದರು.

"ಒಂದು ಸರ್ಕಾರಿ ಆದೇಶ ಇದೆ. ಗಂಡ ಹೋದ ಮೇಲೆ ಅನುಕಂಪದಿಂದ ಕೆಲಸ ಸಿಕ್ಕಿದ ಹೆಣ್ಣುಮಗಳು ಮತ್ತೆ ಮದುವೆಯಾದ್ರೂ ಕೆಲಸ ಹೋಗಲ್ಲ. ಸ್ಪಷ್ಟವಾಗಿ ಬರೆದಿದ್ದಾರೆ. ಎರಡು ಸಲ ಓದಿದೆ. ಹಳೇ ಆಫೀಸಿಗೆ ಹೋಗಿ ವಿಚಾರಿಸಿಕೊಂಡೂ ಬಂದೆ." ಕಡತದ ಅಂಚು ಸವರುತ್ತಾ ಹೇಳಿದರು, "ನಿಂಗೆ ಇದನ್ನ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಮಗು. ನಂಗೆ ಗೊತ್ತಿರೋದು ಆಫರ್ ಒಂದೇ."

ಹಂಸಿನಿ ಅವರ ಕಾಲ ಬಳಿ ಕೂತಳು.

"ಅವನು ಬರದೇ ಇದ್ದ ಮೂರು ಭಾನುವಾರಾನೂ ನೀನು ಒಂದು ಲೋಟ ಅಕ್ಕಿ ಜಾಸ್ತಿನೇ ಇಟ್ಟೆ," ಎಂದರು ಅತ್ತೆ. "ಮಿಕ್ಕಿದ ಅನ್ನ ನನ್ನ ಕಣ್ಣಿಗೆ ಬೀಳಲ್ವೇನೇ?"

"ನಿಮ್ಮನ್ನ ಬಿಟ್ಟು ನಾನು ಎಲ್ಲೂ ಹೋಗಲ್ಲ ಅತ್ತೆ."

"ನೀನು ಹೋಗ್ತೀಯ ಅಂತ ಭಯ ನಮಗೂ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನಮ್ಮ ಭಯಕ್ಕೆ ನಿನ್ನ ಆಯಸ್ಸು ಯಾಕೆ? ಆರು ವರ್ಷ ನೀನು ನಮ್ಮನ್ನ ಹೊಟ್ಟೇಲಿ ಹುಟ್ಟಿದ ಮಗಳ ಹಾಗೆ ನೋಡ್ಕೊಂಡೆ. ಈಗ ಮಗಳಿಗೆ ಮಾಡೋದನ್ನ ನಾವು ಮಾಡ್ಬೇಡವಾ?"

ಹಂಸಿನಿ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಹೋಗಿಬರುವ ಜನ ನೋಡುತ್ತಿದ್ದರು, ನೋಡಲಿ. ತವರು ಎಂಬುದು ತನಗೆ ಎರಡನೆಯ ಸಲ ಸಿಕ್ಕಿದೆ ಎಂದು ಅವಳಿಗೆ ಆಗ ಅನ್ನಿಸಿತು.

ಒಳಗೆ ಹೋದ ಮೇಲೆ ಇಂಚರಾ ಅತ್ಯಂತ ದೊಡ್ಡ ರೈಡನ್ನೇ ಆರಿಸಿದಳು. ನಲವತ್ತು ನಿಮಿಷ ಕಾಯಬೇಕೆಂದು ಬೋರ್ಡಿತ್ತು. ಮುಂದೆ ಇಂಚರಾ, ಹಿಂದೆ ಹಂಸಿನಿ, ಅವಳ ಹಿಂದೆ ಒಂದು ಮೊಳ ಅಂತರ ಬಿಟ್ಟು ಮಹಂತೇಶ್.

"ಅವತ್ತು ಏನೋ ಕೇಳ್ಬೇಕು ಅಂದ್ರಲ್ಲ," ಎಂದಳು ಹಂಸಿನಿ, ತಿರುಗದೆ.

"ಬ್ಯಾಡ ಅಂದ್ರಲ್ರಿ ನೀವು."

"ಈಗ ಕೇಳಿ."

"ಇಲ್ಲೇ? ಈ ಸಾಲಿನ್ಯಾಗ?"

"ನಲವತ್ತು ನಿಮಿಷ ಇದೆ. ಬೇರೇನು ಕೆಲಸ?"

ಅವಳು ತಿರುಗಿದಳು. ಮಹಂತೇಶ್ ಅಭ್ಯಾಸದಂತೆ ಕನ್ನಡಕ ತೆಗೆದ. ಅವಳು ಕೈ ಚಾಚಿ ಅದನ್ನು ಇಸಿದುಕೊಂಡು, ತನ್ನ ದುಪಟ್ಟಾದಲ್ಲಿ ಒರೆಸಿ, ತಾನೇ ಅವನಿಗೆ ತೊಡಿಸಿದಳು. "ಈಗ ನೋಡಿ ಹೇಳಿ."

ಮಹಂತೇಶನ ಕಿವಿ ಕೆಂಪಾಯಿತು. "ನಿಮ್ಮ ಮನ್ಯಾಗ ನಂಗೊಂದಿಷ್ಟು ಜಾಗ ಕೊಡ್ತೀರೇನು ಅಂತ ಕೇಳೋದಿತ್ರಿ. ನೀವು ನನ್ನ ಮನಿಗೆ ಬರ್ರಿ ಅಂತಲ್ಲ. ಲಕ್ಷ್ಮೀ ನಗರದಾಗ ಒಂದು ರೂಮು, ಒಂದು ಕುಕ್ಕರ್. ಅದಕ್ಕ ಯಾರು ಮನಿ ಅಂತಾರ್ರಿ? ಸರ್, ಅಮ್ಮಾರು, ಇಂಚರಾ, ನೀವು, ಎಲ್ಲಾರೂ ಇರೋದಕ್ಕ ಮನಿ ಅಂತಾರ. ಅಲ್ಲಿ ನಾ ಬಂದಿರ್ಲೇನು?"

ಅವನು ಕೇಳದ ಪ್ರಶ್ನೆಗೆ ಹೆದರಿ, ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವಳು ಒಂದು ತಿಂಗಳು ಗೇಟಿನ ಹೊರಗೆ ನಿಲ್ಲಿಸಿದ್ದಳು.

"ಮೊದಲೇ ಹೇಳಬಾರದಿತ್ತಾ?"

"ಬಾಯಿ ತೆಗಿಯಾಕ ಬಿಟ್ರೆ ತಾನ?"

ಅವಳು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ನಿಮ್ಮಮ್ಮ ಏನಂತಾರೆ?"

"ಅವ್ವಗ ಹೇಳೀನ್ರಿ. ಮಗಳದಾಳ ಅಂದೆ. ಚಲೋ ಆತು, ಮೊಮ್ಮಗಳು ಈಗಾಗ್ಲೇ ಸಾಲಿ ಕಲಿಯಾಕತ್ತಾಳಲ್ಲ ಅಂದ್ಲು."

"ಹೂಂ."

"ಏನ್ರಿ ಹೂಂ?"

"ನೀವು ಕೇಳಿದ್ದಕ್ಕೆ ಹೂಂ. ಬನ್ನಿ, ನಮ್ಮನೇಲಿ ಇರಿ. ನಂಗೆ ನೀವು ಬೇಕು."

ಮನೆಯಲ್ಲಿ ಹಿಂದಿಯಲ್ಲೇ ಉತ್ತರ ಕೊಡುವ ಮಗುವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎಂಬುದನ್ನು ದೆಹಲಿಯ ಕನ್ನಡದವರು ಆಗಾಗ ಮರೆಯುತ್ತಾರೆ. ಇವರಿಬ್ಬರೂ ಮರೆತಿದ್ದರು. ಇಂಚರಾ ತಿರುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಠೀಕ್ ಹೈ ಅಂಕಲ್. ಪರ್ ಖಿಡಕೀ ವಾಲಾ ಬೆಡ್ ಮೇರಾ ಹೈ."

"ಕಿಟಕಿ ಬಾಜೂಕಿನ ಹಾಸಿಗಿ ನಿಂದೇ ಅವ್ವಾ," ಎಂದ ಮಹಂತೇಶ್, ಗಂಭೀರವಾಗಿ. ಆ ಒಂದು ಮೊಳದ ಅಂತರ ಈಗ ಇರಲಿಲ್ಲ. ಹಂಸಿನಿಯ ಬೆರಳು ಅವನ ಬೆರಳಿಗೆ ತಾಗಿತು, ಇಬ್ಬರೂ ತೆಗೆಯಲಿಲ್ಲ.

ರೈಡು ಮುಗಿಸಿ ಮೂವರೂ ಬಂದಾಗ ಅತ್ತೆ ಮಾವ ನೆರಳಿನ ಬೆಂಚಿನಲ್ಲಿದ್ದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಮಹಂತೇಶ್ ಬಗ್ಗಿ ಇಬ್ಬರಿಗೂ ನಮಸ್ಕರಿಸಿದ. ಲೀಲಾವತಿ ಅವನ ತಲೆ ಸವರಿದರು. ನಾರಾಯಣಸ್ವಾಮಿಯವರು ಗಂಟಲು ಸರಿಮಾಡಿಕೊಂಡರು.

"ಸಾಲಲ್ಲಿ ಎಷ್ಟು ಹೊತ್ತು ನಿಂತಿದ್ರಿ?"

"ಐವತ್ತು ನಿಮಿಷ ಆತ್ರಿ ಸರ್."

"ಕಾರ್ತಿಕ್ ಆಗಿದ್ರೆ ಐದು ನಿಮಿಷಕ್ಕೆ ವಾಪಸ್ ಬಂದಿರ್ತಿದ್ದ. ತಾಳ್ಮೆ ಅನ್ನೋದೇ ಇರಲಿಲ್ಲ ಅವನಿಗೆ."

ಹಂಸಿನಿ ಥಟ್ಟನೆ ಅವರತ್ತ ನೋಡಿದಳು. ಆರು ವರ್ಷದಲ್ಲಿ ಮಾವನವರು ಆ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಲೀಲಾವತಿಯವರೂ ಗಂಡನತ್ತ ತಿರುಗಿ ನೋಡಿದರು. ಮಾವ ಅಳುತ್ತಿರಲಿಲ್ಲ, ಮಗನ ಯಾವುದೋ ತುಂಟತನ ನೆನಪಾಗಿ ನಗುತ್ತಿದ್ದರು.

"ಪಾಪಾ ಐಸೇ ಥೇ?" ಇಂಚರಾ ತಾತನ ಪಕ್ಕ ನುಗ್ಗಿ ಕೂತಳು. "ಔರ್ ಬತಾಓ ನಾ ತಾತಾ."

"ಹೇಳ್ತೀನಿ," ಎಂದರು ನಾರಾಯಣಸ್ವಾಮಿಯವರು. ಕಡತವನ್ನು ತೊಡೆಯ ಮೇಲಿಂದ ತೆಗೆದು ಕೆಳಗಿಟ್ಟು, ಬೆಂಚಿನಲ್ಲಿ ಜಾಗ ಮಾಡಿದರು. "ಮಹಂತೇಶ, ನೀನೂ ಬಾ, ಕೂತ್ಕೋ. ನಮ್ಮ ಹುಡುಗನ ವಿಷಯ ನಿಂಗೂ ಗೊತ್ತಿರಬೇಕು."