ನಡುವಿನ ಗಾಜು

ಮೀನುಗಳು ಮುತ್ತಿಡುತ್ತಿವೆ ಎಂದು ಬರೆದು ಅವಳು ಮೀನಿನಂಗಡಿಯವನಿಗೆ ವಿಡಿಯೋ ಕಳಿಸಿದ್ದಳು.

ಎರಡು ಆಸ್ಕರ್ ಮೀನುಗಳು, ಒಂದೊಂದೂ ಅಂಗೈಗಿಂತ ದೊಡ್ಡವು, ಬಾಯಿಗೆ ಬಾಯಿ ಕೊಟ್ಟು ಟ್ಯಾಂಕಿನ ನಡುವೆ ಗಿರಗಿರನೆ ಸುತ್ತುತ್ತಿದ್ದವು. ಹೊಸದನ್ನು ತಂದು ಬಿಟ್ಟು ಅರ್ಧ ದಿನವೂ ಆಗಿರಲಿಲ್ಲ. ಇಷ್ಟು ಬೇಗ ಹೊಂದಿಕೊಂಡವಲ್ಲ ಎಂಬ ಖುಷಿಯಲ್ಲಿ ವಿಡಿಯೋದ ಕೆಳಗೆ ಒಂದು ನಗುವ ಮುಖವನ್ನೂ ಹಾಕಿದ್ದಳು. ಉತ್ತರ ಬರಲಿಲ್ಲ. ಬದಲಿಗೆ ಮೀನಿನಂಗಡಿಯವನೇ ಬಂದ. ತಲೆಯ ಮೇಲೆ ಹೆಲ್ಮೆಟ್ ಹಾಗೇ ಇತ್ತು. ಒಂದು ಕೈಯಲ್ಲಿ ಬಲೆ, ಇನ್ನೊಂದರಲ್ಲಿ ಬಕೆಟ್, ಕಂಕುಳಲ್ಲಿ ಒಂದು ಗಾಜಿನ ಹಲಗೆ.

"ಡಾಕ್ಟ್ರೇ, ಅದು ಮುತ್ತಲ್ಲ," ಎಂದ ಏದುಸಿರಿನಲ್ಲಿ. "ದವಡೆ ಹಿಡಿದು ಕುಸ್ತಿ ಆಡ್ತಿವೆ."

ಅವಳು ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಊರವರ ದವಡೆ ನೋಡುವುದೇ ಅವಳ ಕೆಲಸ. ನಗು ಬಂತು, ಜೊತೆಗೆ ಕೆನ್ನೆಯೂ ಬಿಸಿಯಾಯಿತು. ಮುತ್ತು ಎಂಬ ಮಾತನ್ನು ಪರಿಚಯವಿನ್ನೂ ಹಸಿಯಿರುವ ಗಂಡಸಿಗೆ ಬರೆದು ಕಳಿಸಿದ್ದು ಆಗಷ್ಟೇ ನೆನಪಾಗಿತ್ತು.

ಹಳೆಯ ಮೀನಿಗೆ ಯಜಮಾನ ಎಂದು ಹೆಸರಿಟ್ಟವಳು ಅವಳ ಅಕ್ಕ. ಕ್ಲಿನಿಕ್ಕಿನಲ್ಲಿ ಕಾಯುವವರಿಗೆ ಕಣ್ಣಿಗೆ ಹಿತವಾಗಿರಲಿ ಎಂದು ಬೆರಳುದ್ದದ ಮರಿಯಾಗಿ ತಂದದ್ದು. ಅದು ಬೆಳೆಯಿತು, ಜೊತೆಗಿದ್ದ ಗೋಲ್ಡ್ ಫಿಶ್‌ಗಳನ್ನು ಒಂದೊಂದಾಗಿ ನುಂಗಿತು, ಗಾಜಿನ ಪಾಚಿ ತಿನ್ನುವ ಬಡಪಾಯಿ ಸಕ್ಕರ್ ಮೀನನ್ನು ಫಿಲ್ಟರಿನ ಹಿಂದಕ್ಕೆ ಅಟ್ಟಿತು. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಅದನ್ನು ನೋಡಿಯೇ ಅಳತೊಡಗಿದಾಗ ಟ್ಯಾಂಕ್ ಸಮೇತ ಮನೆಗೆ ಸಾಗಿಸಿದಳು. ಒಂಟಿಯಾಗಿ ಇದ್ದೂ ಇದ್ದೂ ಸಿಡುಕು ಬಂದಿದೆ, ಅದಕ್ಕೊಂದು ಜೊತೆ ತಾ ಎಂದು ಅಕ್ಕ ಹೇಳಿದ್ದಳು. ಹೇಳುವಾಗ ಮೀನನ್ನು ನೋಡಲಿಲ್ಲ, ತಂಗಿಯನ್ನು ನೋಡಿದಳು.

ವಿಡಿಯೋ ನೋಡಿ ಓಡಿಬಂದ ಆ ದಿನ ಅವನು ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿದ. ಮೊದಲು ಎರಡನ್ನೂ ಬಿಡಿಸಿದ. ಆಮೇಲೆ ಟ್ಯಾಂಕಿನೊಳಗಿನ ಕಲ್ಲುಗಳನ್ನೆಲ್ಲ ಎತ್ತಿ ಜಾಗ ಬದಲಿಸಿದ. ಚಪ್ಪಟೆ ಕಲ್ಲು ಎಡಕ್ಕಿದ್ದದ್ದು ನಡುವಿಗೆ ಬಂತು, ಮೂಲೆಯ ಬೇರಿನ ತುಂಡು ಇನ್ನೊಂದು ಮೂಲೆಗೆ ಹೋಯಿತು. ಚೆನ್ನಾಗಿ ಜೋಡಿಸಿದ್ದನ್ನು ಯಾಕೆ ಕೆಡಿಸುತ್ತೀರಿ ಎಂದು ಅವಳು ಕೇಳಿದಳು.

"ಹಳೇದಕ್ಕೆ ಇದೆಲ್ಲ ತನ್ನದೇ ಅಂತ ಗೊತ್ತು. ಹೊಸದು ಎಲ್ಲಿ ನಿಂತ್ರೂ ಅದು ಇದರ ಜಾಗವೇ," ಎಂದ. "ಒಂದ್ಸಲ ಎಲ್ಲ ಜರುಗಿಸಿಬಿಟ್ರೆ ಇಬ್ಬರೂ ಹೊಸಬರು. ಆಗ ಒಂದು ಅವಕಾಶ ಇರುತ್ತೆ."

ಕೊನೆಗೆ, ತೂತುಗಳಿದ್ದ ಆ ಗಾಜನ್ನು ನಡುವೆ ಇಳಿಸಿದ. ಒಂದನ್ನೊಂದು ನೋಡಲಿ, ಮುಟ್ಟುವುದು ಬೇಡ. ಪ್ರತಿ ಭಾನುವಾರ ಬಂದು ನೋಡುತ್ತೇನೆ ಎಂದು ಹೇಳಿ ಹೋದ.

ಹೀಗೆ ಭಾನುವಾರಗಳು ಶುರುವಾದವು.

ಅವನು ಬರುವಾಗ ಹೆಲ್ಮೆಟ್ಟನ್ನು ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಬರುತ್ತಿದ್ದ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದ. ಏಕೆಂದರೆ ಆ ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ, ಅದು ಅವಳದು. ಗೋಡೆಯ ಬದಿಯ ದಿವಾನದ ಮೇಲೆ ಪುಸ್ತಕಗಳೂ ಇಸ್ತ್ರಿಗೆ ಕಾದ ಬಟ್ಟೆಗಳೂ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದ ದವಡೆಗಳೂ ಕೂತಿದ್ದವು. ಒಮ್ಮೆ ಅವನು ಆ ದವಡೆಗಳನ್ನು ತೋರಿಸಿ, ಇವರೆಲ್ಲ ನಂಗಿಂತ ಮೊದಲೇ ಬಂದು ಸೀಟು ಹಿಡಿದವರಾ ಎಂದು ಕೇಳಿದ್ದ. ಅವಳು ನಕ್ಕಳೇ ಹೊರತು ಒಂದನ್ನೂ ಎಬ್ಬಿಸಲಿಲ್ಲ.

ಕಾಫಿ ಹಿಡಿದು ಇಬ್ಬರೂ ಟ್ಯಾಂಕಿನ ಕಡೆಗೇ ಮುಖ ಮಾಡಿರುತ್ತಿದ್ದರು. ಅವನ ಎಡ ತೋಳಿನ ಅಂಚು ಯಾವಾಗಲೂ ಒದ್ದೆ. ಗಾಜಿನಲ್ಲಿ ಅವನ ಮುಖದ ಬಿಂಬ ತೇಲುತ್ತಿತ್ತು. ನೇರವಾಗಿ ನೋಡಲಾಗದ್ದನ್ನು ಅವಳು ಅಲ್ಲಿ ನೋಡುತ್ತಿದ್ದಳು. ಹುಬ್ಬಿನ ಹತ್ತಿರ ಒಂದು ಬಿಳಿ ಕೂದಲು, ನಗುವ ಮುಂಚೆ ಬಾಯಿಯ ಒಂದು ಬದಿಗಷ್ಟೇ ಬರುವ ಸಣ್ಣ ಮಡಿಕೆ. ಒಂದು ಸಲ ಆ ಬಿಂಬದ ಕಣ್ಣುಗಳೂ ತನ್ನನ್ನೇ ನೋಡುತ್ತಿರುವುದು ಗೊತ್ತಾಗಿ ಕಾಫಿ ಕಪ್ಪು ಕೈಯಲ್ಲಿ ತುಳುಕಿತು.

"ಬಿಸಿ ಜಾಸ್ತಿಯಾ?" ಎಂದ ಅವನು, ತಿರುಗದೆಯೇ.

"ಹೂಂ, ಜಾಸ್ತಿ," ಎಂದಳು. ಕಾಫಿ ಆರಿ ಎಷ್ಟೋ ಹೊತ್ತಾಗಿತ್ತು.

ನಡುವಯಸ್ಸಿನಲ್ಲಿ ಎದೆ ಹೀಗೆಲ್ಲ ಹೊಡೆದುಕೊಳ್ಳಬಾರದು ಎಂದು ತನಗೆ ತಾನೇ ಗದರಿಕೊಂಡಳು. ಎದೆ ಕೇಳಲಿಲ್ಲ.

ಅವಳಿಗೆ ಹಿಂದೊಂದು ಮದುವೆ ಆಗಿತ್ತು, ಮುರಿದಿತ್ತು. ದೊಡ್ಡ ಜಗಳವೇನೂ ಇಲ್ಲ. ಆ ಮನೆಯಲ್ಲಿ ಕನ್ನಡಿಯ ಮುಂದಿನ ಹಲಗೆಯ ತುಂಬ ಗಂಡನ ಮನೆಯವರ ವಸ್ತುಗಳು. ಇವಳು ಬಾಚಣಿಗೆ ಇಟ್ಟರೆ ಸಂಜೆಯೊಳಗೆ ಅದು ಇವಳ ಪೆಟ್ಟಿಗೆಯೊಳಗೆ ಹೋಗಿರುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಬಾಚಣಿಗೆ ಮಾತ್ರ ವಾಪಸು ಬರುತ್ತಿತ್ತು. ಒಂದು ದಿನ ಅದೇ ಪೆಟ್ಟಿಗೆ ಹಿಡಿದು ಹೊರಬಂದಳು. ಈ ಮನೆಯಲ್ಲಿ ಎಲ್ಲವೂ ಇಟ್ಟಲ್ಲೇ ಇರುತ್ತದೆ. ಕೈಯಾಡಿಸುವವರು ಯಾರೂ ಇಲ್ಲ. ಅದೇ ತನ್ನ ಸುಖ ಎಂದು ನಂಬಿಕೊಂಡಿದ್ದಳು.

ಮೂರನೆಯದೋ ನಾಲ್ಕನೆಯದೋ ವಾರ, ಪಾಚಿ ಒರೆಸಲೆಂದು ಅವಳೊಬ್ಬಳೇ ಗಾಜನ್ನು ಮೇಲೆತ್ತಿದಾಗ ಯಜಮಾನ ಸರ್ರನೆ ಆಚೆ ನುಗ್ಗಿತು. ಮುಗಿಯಿತು ಕಥೆ ಎಂದುಕೊಂಡಳು. ಆದರೆ ಎರಡೂ ಅಕ್ಕಪಕ್ಕ ನಿಂತು ಬಾಲ ಅಲುಗಿಸಿದವು, ಒಂದನ್ನೊಂದು ಸವರಿಕೊಂಡು ಒಂದು ಸುತ್ತು ಬಂದವು. ಅಷ್ಟೇ. ಕುಸ್ತಿಯಿಲ್ಲ, ಕಚ್ಚಾಟವಿಲ್ಲ.

ಕುಣಿಯುವಷ್ಟು ಸಂತೋಷವಾಯಿತು. ಫೋನು ಕೈಗೆತ್ತಿಕೊಂಡಳು. ಬೆರಳು ಅಲ್ಲೇ ನಿಂತಿತು. ಹೊಂದಿಕೊಂಡವು ಎಂದು ಹೇಳಿದರೆ ಅವನು ಬರುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಫೋನು ಕೆಳಗಿಟ್ಟಳು. ಅಂದಿನಿಂದ ಗಾಜು ಭಾನುವಾರ ಬೆಳಗ್ಗೆ ಒಳಗೆ ಹೋಗುತ್ತಿತ್ತು, ಅವನ ಬೈಕಿನ ಸದ್ದು ಬೀದಿ ತಿರುಗಿದ ಮೇಲೆ ಹೊರಗೆ ಬರುತ್ತಿತ್ತು. ಇನ್ನೂ ಸ್ವಲ್ಪ ಸಿಟ್ಟಿದೆ ಎಂದು ಅವಳು ವರದಿ ಕೊಡುತ್ತಿದ್ದಳು. ಅವನು ಗಂಭೀರವಾಗಿ ತಲೆಯಾಡಿಸಿ, ಹಾಗಾದ್ರೆ ಇನ್ನೊಂದು ವಾರ ಇರಲಿ ಅನ್ನುತ್ತಿದ್ದ.

ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಳು. ಸುಳ್ಳು ಹೇಳುವ ಬದಲು, ಸುಮ್ಮನೆ ಬನ್ನಿ ಅಂತ ಕರೆಯಬಾರದೇ ಎಂದಳು. ಕರೆದರೆ ಬರುತ್ತಾರೆ, ಬಂದರೆ ಜಾಗ ಕೊಡಬೇಕಾಗುತ್ತದೆ, ನನ್ನಿಂದ ಅದು ಆಗುತ್ತದೋ ಇಲ್ಲವೋ ಎಂದು ಇವಳು ತಡವರಿಸಿದಳು. ಅಕ್ಕನ ನಗು ನಿಂತಿತು.

"ಲೇ, ಬಾಚಣಿಗೆ ಇಡೋಕೆ ಜಾಗ ಸಿಗದೆ ಎದ್ದು ಬಂದವಳು ನೀನು. ಈಗ ನೀನೇ ಒಬ್ಬ ಮನುಷ್ಯನ್ನ ಬಕೆಟ್ ಮೇಲೆ ಕೂರಿಸ್ತಿದ್ದೀಯಲ್ಲೇ."

ಆ ಮಾತು ವಾರವಿಡೀ ಕೊರೆಯಿತು. ರೋಗಿಯ ಹಲ್ಲು ಕೊರೆಯುವಾಗಲೂ ಕೊರೆಯಿತು.

ಭಾನುವಾರ ಬೆಳಗ್ಗೆ ಗಾಜು ಇಳಿಸಲು ಹೋದವಳು ಹಾಗೇ ನಿಂತುಬಿಟ್ಟಳು. ನಡುವಿನ ಚಪ್ಪಟೆ ಕಲ್ಲಿನ ತುಂಬ ಮೊಟ್ಟೆ. ಸಾಸಿವೆಗಿಂತ ತುಸು ದೊಡ್ಡ, ಮಸುಕು ಬಿಳಿಯ ಚುಕ್ಕಿಗಳು. ಅದರ ಮೇಲೆ ತೂಗುತ್ತಾ, ರೆಕ್ಕೆಯಿಂದ ಗಾಳಿ ಹಾಕುತ್ತಾ ನಿಂತಿತ್ತು ಯಜಮಾನ. ಜೊತೆಯದು ಸಕ್ಕರ್ ಮೀನನ್ನು ಮೂಲೆಗೆ ಒತ್ತರಿಸಿ ಹೆಟ್ಟುತ್ತಿತ್ತು. ಸಕ್ಕರಿನ ಬಾಲ ಆಗಲೇ ಹರಿದಿತ್ತು.

ಕೆಳಗೆ ಬೈಕು ನಿಂತ ಸದ್ದಾಯಿತು.

ಅವಳು ಗಾಜನ್ನು ನೀರಿಗೆ ಇಳಿಸಿದಳು. ಎರಡೂ ಮೀನುಗಳು ಒಟ್ಟಿಗೆ ನುಗ್ಗಿ ಬಂದವು. ನೀರು ಮುಖಕ್ಕೆ ಚಿಮ್ಮಿತು, ಬೆರಳಿಗೆ ಚುರ್ ಎಂದಿತು, ಕೈ ತಾನಾಗಿ ಹಿಂದೆ ಬಂತು. ಮತ್ತೆ ಇಳಿಸಿದಳು, ಮತ್ತೆ ಬಂದವು. ಮೆಟ್ಟಿಲಲ್ಲಿ ಹೆಜ್ಜೆ. ಬೆಲ್ಲು. ಗಾಜನ್ನು ಗೋಡೆಗೆ ಒರಗಿಸಿ, ಒದ್ದೆ ಕೈ ಸೀರೆಗೆ ಒರೆಸಿಕೊಂಡು ಬಾಗಿಲು ತೆಗೆದಳು.

ಅವನು ಮೊದಲು ಅವಳ ಮುಖದ ಮೇಲಿನ ನೀರು ನೋಡಿದ. ಆಮೇಲೆ ಬೆರಳ ತುದಿಯ ರಕ್ತ, ಗೋಡೆಗೊರಗಿದ ಗಾಜು, ಕಲ್ಲಿನ ಮೇಲಿನ ಮೊಟ್ಟೆ.

"ಒಂದೇ ದಿನದಲ್ಲಿ ಹೊಂದಿಕೊಂಡು ಇಡೋ ಮೊಟ್ಟೆ ಅಲ್ಲ ಇದು," ಎಂದ ಮೆಲ್ಲಗೆ. "ಗಾಜು ಯಾವಾಗಿಂದ ಹೊರಗಿದೆ?"

"ಆಗಲೇ ಹೊಂದಿಕೊಂಡಿದ್ವು," ಎಂದಳು. "ಹೇಳಿದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ ಹೇಳಲಿಲ್ಲ."

ಹೇಳಿಬಿಟ್ಟಿದ್ದಳು. ಇನ್ನು ಎತ್ತಿ ಹಿಂದಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ. ಅವನ ಬಾಯಿಯ ಬದಿಯ ಮಡಿಕೆ ನಿಧಾನವಾಗಿ ಅರಳಿತು.

"ಎರಡನೇ ವಾರವೇ ನಂಗೆ ಗೊತ್ತಾಗಿತ್ತು. ಗಾಜಿಗೆ ಮೈ ತಾಗಿಸಿಕೊಂಡು ನಿಲ್ತಿದ್ವು. ತೆಗೀಬಹುದು ಅಂತ ಹೇಳೋಕೆ ಮನಸ್ಸು ಬರಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈ ಸಲ ಬಿಂಬದಲ್ಲಲ್ಲ.

"ಅಂದ್ರೆ ಮೊದಲ ದಿನ ನಾನು ಹೇಳಿದ್ದೇ ಸರಿ," ಎಂದಳು. "ಅದು ಮುತ್ತೇ."

"ಜೋಡಿಯಾಗೋ ಮುಂಚೆ ಒಂದರ ಬಲ ಒಂದು ನೋಡ್ತವೆ. ಅರ್ಧ ಕುಸ್ತಿ, ಅರ್ಧ ಮುತ್ತು. ಅರ್ಧ ನಾನು ಸೋತೆ." ಟ್ಯಾಂಕಿನೊಳಗೆ ಬಗ್ಗಿ ನೋಡಿ ಸೇರಿಸಿದ, "ಪೂರ್ತಿ ಸೋತಿರೋದು ಆ ಹೆಸರಿಟ್ಟ ನಿಮ್ಮಕ್ಕ. ಮೊಟ್ಟೆ ಇಟ್ಟಿರೋದು ಯಜಮಾನ."

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಸಕ್ಕರ್ ಮೀನನ್ನು ಈಗಲೇ ತೆಗೆಯಬೇಕಿತ್ತು. ಮೊಟ್ಟೆಯಿಟ್ಟ ಜೋಡಿ ಅದನ್ನು ಉಳಿಸುವುದಿಲ್ಲ ಎಂದ ಅವನು. ಅವಳು ಬಲೆಯ ಹಿಡಿಯಿಂದ ಯಜಮಾನಿಯನ್ನೂ ಜೊತೆಯದನ್ನೂ ತಡೆದಳು, ಅವನು ಸಕ್ಕರನ್ನು ಮೇಲೆತ್ತಿದ. ಅದು ನೀರು ತುಂಬಿದ ಬಕೆಟ್ಟಿನೊಳಗೆ ಇಳಿದು, ತಳದಲ್ಲಿ ಅಂಟಿಕೊಂಡು ಸುಮ್ಮನಾಯಿತು. ಅವನು ಅವಳ ಬೆರಳಿಗೆ ಪಟ್ಟಿ ಸುತ್ತಿದ. ಸುತ್ತಿಯಾದ ಮೇಲೂ ಬೆರಳು ಅವನ ಕೈಯಲ್ಲೇ ಇತ್ತು.

ಆಮೇಲೆ ಅಭ್ಯಾಸಬಲದಿಂದ ಕೂರಲು ಬಕೆಟ್ಟಿನ ಕಡೆ ನೋಡಿದ. ಅವಳೂ ನೋಡಿದಳು. ಬಕೆಟ್ಟು ಇನ್ನೊಬ್ಬರ ಪಾಲಾಗಿತ್ತು.

ಅವಳು ದಿವಾನದ ಹತ್ತಿರ ಹೋದಳು. ಪುಸ್ತಕಗಳನ್ನು ನೆಲಕ್ಕಿಳಿಸಿದಳು, ಬಟ್ಟೆಗಳನ್ನು ಬಾಚಿ ಒಳಗೆ ಒಯ್ದಳು, ದವಡೆಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿದಳು.

"ಆ ತುದಿ ಹಿಡೀರಿ. ಟ್ಯಾಂಕಿನ ಎದುರಿಗೆ ತರೋಣ."

"ಅಲ್ಲಿ ನಿಮ್ಮ ಕುರ್ಚಿ ಇದೆಯಲ್ಲ?"

"ಅದೂ ಜರುಗಲಿ," ಎಂದಳು. "ಎಲ್ಲ ಜರುಗಿಸಿದ್ರೆ ಇಬ್ಬರೂ ಹೊಸಬರು ಅಂತ ಹೇಳಿದವರು ನೀವೇ."

ಅವನು ಇನ್ನೊಂದು ತುದಿ ಹಿಡಿದ. ದಿವಾನ ನೆಲಕ್ಕೆ ಕಿರ್ರೆಂದು ಉಜ್ಜುತ್ತಾ ಕೋಣೆ ದಾಟಿತು, ಕುರ್ಚಿ ಬಾಗಿಲ ಹತ್ತಿರ ಹೋಯಿತು. ತನ್ನ ಕೋಣೆ ತನಗೇ ಗುರುತು ಸಿಗದಂತಾಗಿತ್ತು. ಅವಳು ಭಯಕ್ಕಾಗಿ ಕಾದಳು. ಬಂದದ್ದು ಭಯವಲ್ಲ.

ಬಾಗಿಲು ತೆರೆದು ಹೊರಗೆ ಹೋಗಿ ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ಹೆಲ್ಮೆಟ್ಟನ್ನು ಎತ್ತಿಕೊಂಡು ಬಂದಳು. ಕನ್ನಡಿಯ ಮುಂದೆ ನಿಂತು, ತನ್ನ ಬಾಚಣಿಗೆಯನ್ನು ಕೊಂಚ ಪಕ್ಕಕ್ಕೆ ಸರಿಸಿ, ಹೆಲ್ಮೆಟ್ಟನ್ನು ಅಲ್ಲಿ ಇಟ್ಟಳು.