ಕಳೆಯಲು ಮರೆತ ರೋಧ

2019ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಪ್ರಯೋಗಾಲಯದ ಬಾಗಿಲಲ್ಲಿ ಅವನು ಅವಳಿಗೆ ಎದುರಾದ.

ಅವನು ತಂತಿ ಮಾಡುವವನು. ಅರೆವಾಹಕದೊಳಗೆ, ಎಲೆಕ್ಟ್ರಾನುಗಳು ಒಂದೇ ದಾರಿಯಲ್ಲಿ ಸಾಗಬೇಕಾದಷ್ಟು ಕಿರಿದಾದ ತಂತಿ. ಅವಳು ಅಳೆಯುವವಳು. ಅಂಥ ತಂತಿಯಲ್ಲಿ ವಾಹಕತೆ, ಅಂದರೆ ವಿದ್ಯುತ್ತು ಹರಿಯುವ ಸಲೀಸು, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಮೆಟ್ಟಿಲು 77.5 ಮೈಕ್ರೊಸೀಮೆನ್ಸ್ ಇರಬೇಕು. ಅವನ ತಂತಿಯಲ್ಲಿ ಬಂದದ್ದು 66.8.

ತಂತಿಯಲ್ಲೇ ದೋಷವೆಂದು ಅವಳೇ ವರದಿ ಕೊಟ್ಟಿದ್ದಳು. ಈ ಶುಕ್ರವಾರ ಅವನು ಕೆಲಸ ಬಿಟ್ಟು ಹೋಗಬೇಕೆಂದು ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರು ಹೇಳಿಬಿಟ್ಟರು. ಅಂದಿನಿಂದ ಅವನು ಅವಳ ಜೊತೆ ಮಾತು ಬಿಟ್ಟಿದ್ದ.

ನಿನ್ನೆ ನೋಟ್‌ಬುಕ್ ತಿರುವುವಾಗ ಅವಳಿಗೆ ತನ್ನದೇ ತಪ್ಪು ಕಂಡಿತ್ತು. ಅಳತೆಯಲ್ಲಿ ನುಸುಳುವ ವಿದ್ಯುತ್ ಗದ್ದಲ ತಡೆಯಲು ಅವಳೇ ಹೊಸದಾಗಿ ಕೂರಿಸಿದ್ದ ಎರಡು ಫಿಲ್ಟರುಗಳು... ತಲಾ ಒಂದು ಸಾವಿರ ಓಮ್. ವಿದ್ಯುತ್ತನ್ನು ತಡೆಯುವ ಆ ರೋಧವನ್ನು ಅವಳು ಲೆಕ್ಕದಿಂದ ಕಳೆದೇ ಇರಲಿಲ್ಲ; ಕೊರತೆ ತಂತಿಯದಲ್ಲ, ಫಿಲ್ಟರುಗಳದ್ದು.

ಹೇಳಿದರೆ ಅವನು ನನ್ನ ಮುಖ ನೋಡುತ್ತಾನೆಯೇ? ಹೇಳದಿದ್ದರೆ... ಹೋಗಿಯೇಬಿಡುತ್ತಾನೆ.

ಅವಳು ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಅವನು ಗೋಡೆಗೊರಗಿದ.

"ನನ್ಮೇಲೆ ಕೋಪ ಇತ್ತು ಅಲ್ವಾ, ಇಷ್ಟು ದಿನ?" ಅವಳು ಕೇಳಿದಳು.

"ಕೋಪನಾ? ನೀನು ಅಳೆದಿದ್ದು ಅಂದ್ಮೇಲೆ ನನ್ನ ತಂತಿನೇ ಕೆಟ್ಟಿದೆ ಅಂದ್ಕೊಂಡೆ. ನಿನಗೆ ಮುಖ ತೋರ್ಸೋಕೆ ನಾಚಿಕೆ ಆಯ್ತು ಕಣೆ."

ಅವಳ ಕಣ್ಣು ತುಂಬಿತು.

ಕಾಗದದ ಮೇಲೆ ರೋಧ ಕಳೆದ ಲೆಕ್ಕವನ್ನು ಮೇಷ್ಟ್ರು ಒಪ್ಪುವವರಲ್ಲ. ಫಿಲ್ಟರ್ ಬಿಚ್ಚಿ ಮತ್ತೆ ಅಳೆಯಬೇಕೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಬಿಚ್ಚುವಾಗ ಬೆರಳ ತುದಿಯಿಂದ ಸ್ಥಿರವಿದ್ಯುತ್ತಿನ ಒಂದು ಕಿಡಿ ಹಾರಿದರೆ ಸಾಕು, ತಂತಿ ಸುಟ್ಟುಹೋಗುತ್ತದೆ. ಇದ್ದದ್ದು ಅದೊಂದೇ ತಂತಿ.

"ನನ್ನಿಂದ ಸುಟ್ಟುಹೋದ್ರೆ? ನೀನೇ ಬಿಚ್ಚು," ಅಂದಳು.

"ನನಗೂ ಅದೇ ಭಯ. ಆದ್ರೆ ಅಳೆಯೋಳು ನೀನು."

ಕಿಡಿ ಹಾರದಂತೆ ತಡೆಯುವ ಭೂಸಂಪರ್ಕದ ಪಟ್ಟಿಯನ್ನು ಅವನೇ ಅವಳ ಮಣಿಕಟ್ಟಿಗೆ ಬಿಗಿದ. ಎರಡೆರಡು ಸಲ ಎಳೆದು ನೋಡಿದ. ಅವಳು ಉಸಿರು ಬಿಗಿಹಿಡಿದು ಒಂದನ್ನು ಬಿಚ್ಚಿದಳು... ಇನ್ನೊಂದನ್ನೂ. ಪರದೆಯ ಮೇಲೆ ಗೆರೆ ಸೊನ್ನೆಯಲ್ಲೇ ಮಲಗಿತ್ತು.

ಸತ್ತುಹೋಯಿತೇ?

ಅವನು ಬೇರೆಡೆ ಮುಖ ತಿರುಗಿಸಿದ. ಅವಳು ತಂತಿಯ ದಾರಿ ತೆರೆಯುವ ದ್ವಾರದ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಲೇ ಹೇಳಿದಳು:

"ಇದು ಏನೇ ಬರ್ಲಿ, ನಾನು ಮೇಷ್ಟ್ರ ಹತ್ರ ಒಪ್ಕೋತೀನಿ. ನೀನು ಹೋಗ್ಬೇಡ. ನೀನಿಲ್ದೆ ನನಗೆ ಆಗಲ್ಲ."

ಅವನ ಕೈ ಅವಳ ಭುಜದ ಮೇಲೆ ಬಂತು. ಅದು ತಣ್ಣಗಿತ್ತು.

"ನಾನೂ ಬರ್ತೀನಿ ಮೇಷ್ಟ್ರ ಹತ್ರ," ಅಂದ. "ಎಷ್ಟು ಬಂತು ಹೇಳು... ನನಗೆ ನೋಡೋಕೆ ಧೈರ್ಯ ಇಲ್ಲ."

ಗೆರೆ ಎದ್ದು, ಏರಿ, ಸಮತಟ್ಟಾಗಿ ನಿಂತಿತ್ತು. ಅವಳು ಓದಿದಳು.

"77.1 ಮೈಕ್ರೊಸೀಮೆನ್ಸ್. ನಿನ್ನ ತಂತಿ ಸರಿಯಾಗೇ ಇದೆ."